ಮರೆತ ಸಿವುಡಿನ ಲೆಕ್ಕ

2019ರಲ್ಲಿ ಯಹೂದಿಗಳ ಪಂಚಾಂಗಕ್ಕೆ ಅಧಿಕ ಮಾಸ ಬಿದ್ದಿತ್ತು. ನಮ್ಮ ಹಾಗೆ ಅವರದೂ ಚಂದ್ರನನ್ನು ನಂಬಿದ ಲೆಕ್ಕ. ಹಬ್ಬಗಳು ಋತು ತಪ್ಪಬಾರದೆಂದು 19 ವರ್ಷಗಳಲ್ಲಿ 7 ಸಲ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ಹಾಗೆ ಎರಡಾಗುವ ತಿಂಗಳು ಅದಾರ್. ಎರಡನೆಯ ಅದಾರಿನ ಹುಣ್ಣಿಮೆಯ ಹೊತ್ತಿಗೆ ಪುರೀಮ್ ಹಬ್ಬ. ಇಸ್ರೇಲಿನ ಉಳಿದ ಕಡೆಯೆಲ್ಲ ಅದು 14ನೇ ದಿನ. ಪುರಾತನ ಕೋಟೆಯ ಊರೆಂದು ಜೆರುಸಲೇಮಿನಲ್ಲಿ ಮಾತ್ರ 15ನೇ ದಿನ. ನಾನು ಟೆಲ್ ಅವೀವ್‌ನಲ್ಲಿ ಬಸ್ಸು ಹತ್ತಿದ ದಿನ ಅಲ್ಲಿ ಹಬ್ಬ ನಡೆದಿತ್ತು. ಪಕ್ಕದ ಸೀಟಿನಲ್ಲಿ ಒಬ್ಬ ತರುಣ ಜಿರಾಫೆಯ ವೇಷ ಹಾಕಿ, ಆ ಉದ್ದದ ಬಟ್ಟೆಯ ಕುತ್ತಿಗೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದ. ಜೆರುಸಲೇಮಿನಲ್ಲಿ ಇಳಿದರೆ ಅಲ್ಲಿ ಇನ್ನೂ ಹಬ್ಬದ ಹಿಂದಿನ ದಿನದ ಸಂತೆ ಗದ್ದಲ.

ನನ್ನ ಚಿಕ್ಕಮ್ಮನ ಮಗಳು ಆ ಊರಿನ ಕಿರ್ಯತ್ ಮೋಶೆ ಎಂಬ ಬಡಾವಣೆಯಲ್ಲಿ ಕೇರ್‌ಗಿವರ್. ಉಡುಪಿ, ಮಂಗಳೂರು ಕಡೆಯಿಂದ ಈ ಕೆಲಸಕ್ಕೆಂದು ಇಸ್ರೇಲಿಗೆ ಹೋದವರು ಬಹಳ ಮಂದಿ. ಒಂದು ಮನೆಯಲ್ಲೇ ಉಳಿದು, ವಯಸ್ಸಾದವರೊಬ್ಬರ ಊಟ, ಸ್ನಾನ, ಔಷಧಿ, ನಿದ್ದೆ ಎಲ್ಲ ನೋಡಿಕೊಳ್ಳುವ ಕೆಲಸ. ಅವಳು ನೋಡಿಕೊಳ್ಳುವ ಅಜ್ಜಿಯನ್ನು ಮನೆಯವರೆಲ್ಲ ಸಾವ್ತಾ ಅನ್ನುತ್ತಾರೆ, ಇವಳೂ ಹಾಗೇ ಅನ್ನುತ್ತಾಳೆ. ಹೀಬ್ರೂವಿನಲ್ಲಿ ಅಜ್ಜಿಗೆ ಅದೇ ಹೆಸರು. ಸಾವ್ತಾರ ಮಗಳ ಸಂಸಾರ ಮೇಲಿನ ಮಹಡಿಯಲ್ಲಿ. ಆ ಮನೆಯ ಹತ್ತು ವರ್ಷದ ಹುಡುಗಿ ಮತ್ತು ಆರು ವರ್ಷದ ಹುಡುಗ ಹೊತ್ತು ಮೂಡಿದರೆ ಕೆಳಗಿನ ಮನೆಯಲ್ಲೇ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಗೋಡೆ, ಗೋಪುರ ನೋಡಲು ಹೋದವಳು ಕೊನೆಗೆ ಹೆಚ್ಚು ನೋಡಿದ್ದು ಈ ಇಬ್ಬರು ಮಕ್ಕಳನ್ನೇ.

"ಅಕ್ಕಾ, ಇಲ್ಲಿ ಮಕ್ಕಳಿಗೆ ದಾನ ಮಾಡು ಅಂತ ಬೋಧನೆ ಮಾಡುವ ಕ್ರಮವೇ ಇಲ್ಲ," ಎಂದಿದ್ದಳು ತಂಗಿ. "ನಾಣ್ಯ ಕೈಗೆ ಕೊಡ್ತಾರೆ, ಡಬ್ಬಿ ತೋರಿಸ್ತಾರೆ. ಅಷ್ಟೇ. ಬಾಕಿ ಎಲ್ಲ ಆಮೇಲೆ."

ಗುರುವಾರ ಸಂಜೆ ಅವರೊಂದಿಗೆ ನಾನೂ ಹತ್ತಿರದ ಯಹೂದಿ ಪ್ರಾರ್ಥನಾಲಯಕ್ಕೆ, ಅಂದರೆ ಸಿನಗಾಗ್‌ಗೆ ಹೋದೆ. ಪುರೀಮ್ ಎಂದರೆ ಎಸ್ತೇರಳ ಕಥೆ. ಪರ್ಷಿಯದ ಅರಮನೆಯಲ್ಲಿ ಹಾಮಾನನೆಂಬ ಮಂತ್ರಿ ಯಹೂದಿಗಳನ್ನೆಲ್ಲ ಒಂದೇ ದಿನ ಕೊಲ್ಲಿಸಲು ಹೊಂಚು ಹಾಕಿದ್ದು, ರಾಣಿ ಎಸ್ತೇರಳೂ ಅವಳ ಬಂಧು ಮೊರ್ದೆಕೈಯೂ ಅದನ್ನು ತಪ್ಪಿಸಿದ್ದು. ಆ ಸುರುಳಿಗ್ರಂಥವನ್ನು ಗಟ್ಟಿಯಾಗಿ ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಿಗಿಟ್ಟಲೆ ತಿರುಗಿಸಿ, ನೆಲಕ್ಕೆ ಕಾಲು ಬಡಿದು ಹೆಸರೇ ಕೇಳದ ಹಾಗೆ ಮಾಡುತ್ತಾರೆ. ಗಲಾಟೆ ಮಾಡುವುದೇ ಧರ್ಮವಾದ ಇಂಥ ದಿನ ವರ್ಷಕ್ಕೊಂದು ಎಲ್ಲ ಶಾಲೆಗಳಿಗೂ ಬೇಕು.

ಓದು ಶುರುವಾಗುವ ಮೊದಲು ಬಾಗಿಲ ಬಳಿ ಒಂದು ತಟ್ಟೆ ಇತ್ತು. ಅದರಲ್ಲಿ ಮೂರು ಬೆಳ್ಳಿ ನಾಣ್ಯ. ಅಗ್ನಿಶಾಮಕ ದಳದವನ ವೇಷದಲ್ಲಿದ್ದ ನಮ್ಮ ಹುಡುಗ ಅಮ್ಮ ಕೊಟ್ಟ ನೋಟನ್ನು ಪೆಟ್ಟಿಗೆಗೆ ಹಾಕಿದ, ಆ ಮೂರು ನಾಣ್ಯಗಳನ್ನು ಎತ್ತಿ ಹಿಡಿದ, ಮತ್ತೆ ತಟ್ಟೆಗೇ ಇಟ್ಟ. ಹಿಂದೆ ನಿಂತಿದ್ದ ಸೂಟಿನವರೂ ಹಾಗೇ ಮಾಡಿದರು. ಇದು ಅರ್ಧ ಶೆಕೆಲಿನ ನೆನಪು. ಮೋಶೆಯ ಕಾಲದಲ್ಲಿ ಜನಗಣತಿಗೆ ತಲೆ ಎಣಿಸದೆ ತಲೆಗೊಂದು ಅರ್ಧ ಶೆಕೆಲ್ ಸಂಗ್ರಹಿಸಿ ನಾಣ್ಯ ಎಣಿಸಿದರೆಂದು ವಿಮೋಚನಕಾಂಡದಲ್ಲಿದೆ. ಸಿರಿವಂತನಿಂದ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಬಡವನಿಗೆ ರಿಯಾಯಿತಿಯೂ ಇಲ್ಲ. ಈಗ ಆ ಹಣ ಸಾಮಾನ್ಯವಾಗಿ ಬಡವರಿಗೋ ಸಿನಗಾಗ್‌ನ ಖರ್ಚಿಗೋ ಹೋಗುತ್ತದೆ. ಆರು ವರ್ಷದವನಿಗೆ ಇದೆಲ್ಲ ತಿಳಿದಿರಲಾರದು. ಸೂಟಿನವರು ಎತ್ತಿದ್ದೂ ಅವನು ಎತ್ತಿದ್ದೂ ಒಂದೇ ಮೂರು ನಾಣ್ಯ ಎಂಬುದನ್ನು ಮಾತ್ರ ಅವನು ನೋಡಿದ್ದ. ಹೊರಗೆ ಬಂದಮೇಲೆ ನನಗೆ ಅದನ್ನೇ ಹೇಳಿದ್ದು.

ಮರುದಿನ ಬೆಳಗ್ಗೆ ಮೆಟ್ಟಿಲುಗಳಲ್ಲಿ ಮಕ್ಕಳ ದಂಡು. ಪುರೀಮಿನ ಕಟ್ಟಳೆ ನಾಲ್ಕು: ಕಥೆ ಕೇಳಬೇಕು, ಹಬ್ಬದೂಟ ಮಾಡಬೇಕು, ಕಡಿಮೆಯೆಂದರೆ ಒಬ್ಬರಿಗೆ ಎರಡು ಬಗೆಯ ತಿನಿಸು ಕಳಿಸಬೇಕು, ಕಡಿಮೆಯೆಂದರೆ ಇಬ್ಬರು ಬಡವರಿಗೆ ಕೊಡಬೇಕು. ಕಳಿಸುವುದು ಎಂದರೆ ಯಾರಾದರೂ ಒಯ್ಯಬೇಕಲ್ಲ? ಅದು ಮಕ್ಕಳ ಕೆಲಸ. ಹುಡುಗಿಯ ಕೈಯಲ್ಲಿ ಒಂದು ನೋಟುಪುಸ್ತಕ, ಅದರಲ್ಲಿ ಮನೆಗಳ ಪಟ್ಟಿ. ತಟ್ಟೆಗಳಲ್ಲಿ ಗಸಗಸೆ ಹೂರಣದ ಮುಕ್ಕೋನ ಬಿಸ್ಕತ್ತು, ಅದಕ್ಕೆ ಹಾಮಾನನ ಕಿವಿ ಎಂದು ಹೆಸರು. ಜೊತೆಗೆ ಕಿತ್ತಳೆ, ಚಾಕಲೇಟು. ಪಟ್ಟಿಯ ಮೊದಲ ಹೆಸರು ನೆಂಟರದ್ದಲ್ಲ, ಸ್ನೇಹಿತರದ್ದೂ ಅಲ್ಲ. ಎದುರಿನ ಕಟ್ಟಡಕ್ಕೆ ಹೊಸದಾಗಿ ಬಂದ ಮನೆ. ಯಾರೂ ತಟ್ಟೆ ತರಲಿಕ್ಕಿಲ್ಲ ಎಂದು ಅವರು ಅಂದುಕೊಂಡಿರುತ್ತಾರೆ, ಅದಕ್ಕೇ ಮೊದಲು ಅಲ್ಲಿಗೆ ಎಂದು ತಾಯಿ ಬರೆಸಿದ್ದರು.

ಎರಡನೆಯ ಮಹಡಿಯ ತಿರುವಿನಲ್ಲಿ ಹುಡುಗ ತನ್ನ ಕೈಲಿದ್ದ ತಟ್ಟೆಯ ಹೊದಿಕೆ ಸರಿಸಿ ಒಂದು ಚಾಕಲೇಟು ಬಾಯಿಗೆ ಹಾಕಿಕೊಂಡ. ಅಕ್ಕ ನೋಡಿದಳು. ಗದರಲಿಲ್ಲ. ಅವನಿಗೆಂದೇ ಯಾರೋ ಕೊಟ್ಟಿದ್ದ ಪೊಟ್ಟಣ ಅವನ ಹೆಗಲಚೀಲದಲ್ಲಿತ್ತು. ಅದರಿಂದ ಅಂಥದೇ ಒಂದನ್ನು ತೆಗೆದು ತಟ್ಟೆಯ ಖಾಲಿ ಜಾಗದಲ್ಲಿ ಕೂರಿಸಿ ಹೊದಿಕೆ ಬಿಗಿದಳು. ಅವನು ಅಳಲು ತಯಾರಾದ. ಅವಳು ಮುಂದಿನ ಮೆಟ್ಟಿಲು ಹತ್ತಿಬಿಟ್ಟಿದ್ದರಿಂದ ಅಳುವನ್ನು ಅಲ್ಲೇ ಬಿಟ್ಟು ಅವನೂ ಹತ್ತಿದ. ಮೂವತ್ತು ವರ್ಷ ಮೇಷ್ಟರಗಿರಿ ಮಾಡಿದ ನಾನು ಅಲ್ಲಿ ಒಂದು ಉಪನ್ಯಾಸವನ್ನೇ ಬಿಗಿದಿರುತ್ತಿದ್ದೆ.

ಬೀದಿಯಲ್ಲಿ ಕೈಚಾಚುವವರು ಅಂದು ಹೆಚ್ಚು. ಒಳ್ಳೆಯ ಉಣ್ಣೆಯ ಕೋಟು ಹಾಕಿದ್ದ ಒಬ್ಬರು ಕೈ ನೀಡಿದಾಗ ಹುಡುಗ ಅಮ್ಮನ ಸೆರಗಿನ ಮರೆಯಲ್ಲೆಂಬಂತೆ ಕೇಳಿದ, ಇವರು ನಿಜಕ್ಕೂ ಬಡವರಾ ಎಂದು. ತಂಗಿ ನನ್ನ ಕಿವಿಯಲ್ಲಿ ಅನುವಾದಿಸುತ್ತಿದ್ದಳು. ಅದನ್ನು ಕೇಳಲು ಇವತ್ತು ರಜೆ ಎಂದು ತಾಯಿ ನಕ್ಕು ಅವನ ಕೈಗೊಂದು ನಾಣ್ಯ ಇಟ್ಟರು. ಅದು ಅವರ ಸ್ವಂತ ಚಮತ್ಕಾರವೆಂದುಕೊಂಡಿದ್ದೆ. ಅಲ್ಲ, ಪುರೀಮಿನ ದಿನ ಪರೀಕ್ಷೆ ಮಾಡದೆ ಕೈಚಾಚಿದವರಿಗೆಲ್ಲ ಕೊಡಬೇಕೆಂಬುದು ಕಟ್ಟಳೆಯೇ. 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್ ತನ್ನ ಧರ್ಮಶಾಸ್ತ್ರದಲ್ಲಿ ಬರೆದಿಟ್ಟಿದ್ದಾನೆ. ಹಬ್ಬದೂಟಕ್ಕೂ ಸ್ನೇಹಿತರ ತಟ್ಟೆಗೂ ಮಾಡುವ ಖರ್ಚಿಗಿಂತ ಬಡವರಿಗೆ ಕೊಡುವುದು ಜಾಸ್ತಿಯಿರಲಿ ಎಂದೂ ಅಲ್ಲೇ ಹೇಳಿದ್ದಾನೆ. ಈ ಎರಡನೆಯ ಮಾತು ಜೆರುಸಲೇಮಿನ ಅಂಗಡಿಯವರಿಗೆ ಅಷ್ಟಾಗಿ ಇಷ್ಟವಾದಂತಿಲ್ಲ. ಜಿಲೇಟಿನ್ ಕಾಗದ ಸುತ್ತಿ, ರಿಬ್ಬನ್ ಕಟ್ಟಿದ, ಎರಡು ಕೈಯಲ್ಲೂ ಹಿಡಿಯಲಾರದಷ್ಟು ದೊಡ್ಡ ಬುಟ್ಟಿಗಳು ಅಂಗಡಿಯಿಂದ ಮನೆಗೆ, ಮನೆಯಿಂದ ಮನೆಗೆ ಸಾಗುತ್ತಿದ್ದವು. ಉಳ್ಳವರಿಂದ ಉಳ್ಳವರಿಗೆ ಹೋಗುವ ಈ ಬುಟ್ಟಿಗಳನ್ನು ನಮ್ಮ ದೀಪಾವಳಿಯ ಡ್ರೈಫ್ರೂಟ್ ಡಬ್ಬಿಗಳ ಜೊತೆ ಒಂದೇ ಸಾಲಿನಲ್ಲಿ ಇಡಬಹುದು.

ಬಡವರ ಪಾಲು ಬುಟ್ಟಿಯಲ್ಲಿ ಹೋಗಲಿಲ್ಲ, ಲಕೋಟೆಯಲ್ಲಿ ಹೋಯಿತು. ಸಿನಗಾಗ್‌ನ ಹಿರಿಯರೊಬ್ಬರ ಕೈಗೆ ಹುಡುಗಿ ಎರಡು ಲಕೋಟೆ ಕೊಟ್ಟು ಬಂದಳು. ಅವು ಅಂದೇ ಸಂಜೆಯೊಳಗೆ ಎರಡು ಮನೆ ಸೇರಬೇಕು. ಯಾವ ಮನೆ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ದಿನ ಶುಕ್ರವಾರವಾದ್ದರಿಂದ ಹಬ್ಬದೂಟವನ್ನು ಬೇಗ ಮುಗಿಸಿ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ಗೆ ಸಿದ್ಧವಾಗಬೇಕಿತ್ತು. ಜೆರುಸಲೇಮಿನಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮೊದಲೇ ದೀಪ ಹಚ್ಚುವ ರೂಢಿ. ಊರಿಗೆಲ್ಲ ಕೇಳುವಂತೆ ಸೈರನ್ ಊದುತ್ತಾರೆ. ಅಲ್ಲಿಂದ ಮರುದಿನ ಕತ್ತಲಾಗುವವರೆಗೆ ಹಣ ಮುಟ್ಟುವಂತಿಲ್ಲ. ಹಾಗಾಗಿ ವಾರದ ಕೊನೆಯ ವ್ಯವಹಾರ ಡಬ್ಬಿಗೆ ಕಾಸು ಹಾಕುವುದು. ಸಾವ್ತಾರ ಅಡುಗೆಮನೆಯ ಕಿಟಕಿಯ ಬಳಿ ಎರಡು ಡಬ್ಬಿ ಇದ್ದವು. ಒಂದು ಹಳೆಯ ತಗಡಿನದು, ಮೂಲೆಗಳಲ್ಲಿ ನೀಲಿ ಬಣ್ಣ ಎದ್ದು ತುಕ್ಕು ಕಾಣುತ್ತಿತ್ತು. ಇನ್ನೊಂದು ಪ್ಲಾಸ್ಟಿಕ್ಕಿನದು. ತಂಗಿ ಸಾವ್ತಾರ ಗಾಲಿಕುರ್ಚಿಯನ್ನು ಹತ್ತಿರ ತಳ್ಳಿದಳು. ನಡುಗುವ ಬೆರಳಲ್ಲಿ ಅವರು 10 ಅಗೊರೋತ್‌ನ ಬಿಲ್ಲೆಯನ್ನು ಹುಡುಗನ ಅಂಗೈಗಿಟ್ಟರು. ಅದು ಅವರ ದೇಶದ ಅತಿ ಚಿಕ್ಕ ನಾಣ್ಯ. ಅವನು ಹಾಕಿದ. ಇನ್ನೊಂದು ಕೊಟ್ಟರು. ಹಾಕಿದ. ಮತ್ತೊಂದು. ಒಂದೇ ಸಲ ಒಂದು ಶೆಕೆಲ್ ಕೊಟ್ಟು ಮುಗಿಸಬಾರದೇ ಎಂದು ನನಗೆ ಅನ್ನಿಸಿತು, ಸೈರನ್ನಿನ ಹೊತ್ತು ಬೇರೆ ಹತ್ತಿರವಾಗುತ್ತಿತ್ತು.

ಅದಕ್ಕೂ ಮೈಮೊನಿಡೀಸನ ಮಾತಿದೆಯಂತೆ. ಸಾವಿರ ಹೊನ್ನನ್ನು ಒಮ್ಮೆಲೇ ಒಬ್ಬನಿಗೆ ಕೊಡುವುದಕ್ಕಿಂತ ಒಂದೊಂದಾಗಿ ಸಾವಿರ ಸಲ ಕೊಡುವುದು ಮೇಲು, ಏಕೆಂದರೆ ಕೈಗೆ ಪಾಠವಾಗುವುದು ಮೊತ್ತದಿಂದಲ್ಲ, ಸಲದಿಂದ ಎಂದು ಅವನು ವಾದಿಸುತ್ತಾನೆ. ವೈದ್ಯನಾಗಿದ್ದವನು, ರೂಢಿಯ ಬಲ ಗೊತ್ತಿದ್ದವನು. ಮಗ್ಗಿ ಬಾಯಿಪಾಠ ಮಾಡಿಸಿದ ಯಾವ ಶಿಕ್ಷಕಿಯೂ ಇದನ್ನು ಒಪ್ಪುತ್ತಾಳೆ.

ನೀಲಿ ಡಬ್ಬಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಯಹೂದಿ ರಾಷ್ಟ್ರೀಯ ನಿಧಿಯ ಡಬ್ಬಿ; 1901ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿದ ಐದನೇ ಜಿಯೋನಿಸ್ಟ್ ಸಮಾವೇಶದಲ್ಲಿ ಹುಟ್ಟಿದ ನಿಧಿ. ಪ್ಯಾಲೆಸ್ಟೈನಿನಲ್ಲಿ ಜಮೀನು ಕೊಳ್ಳಲು ಲೋಕದ ಮೂಲೆಮೂಲೆಯ ಯಹೂದಿ ಮಕ್ಕಳು ಶಾಲೆಗಳಲ್ಲಿ, ಅಡುಗೆಮನೆಗಳಲ್ಲಿ ಈ ಡಬ್ಬಿಗೆ ಕಾಸು ಹಾಕಿದರು. ಆ ಮಕ್ಕಳ ಪಾಲಿಗೆ ಅದು ನಿರ್ಮಲವಾದ ಕೊಡುಗೆ. ಅದೇ ಮಣ್ಣಿನಲ್ಲಿ ಗೇಣಿಗೆ ದುಡಿಯುತ್ತಿದ್ದ ಅರಬ್ ಮನೆಗಳ ನೆನಪು ಬೇರೆ. ಡಬ್ಬಿಯ ಸೀಳುಬಾಯಿಂದ ಒಳಗೆ ಬಿದ್ದ ಕಾಸು ಎಲ್ಲಿ ಹೋಗಿ ಏನಾಗುತ್ತದೆಂದು ಮಕ್ಕಳಿಗೆ ಕಾಣದು. ಅದನ್ನು ವಿಚಾರಿಸುವ ಜವಾಬ್ದಾರಿ ದೊಡ್ಡವರದ್ದು. ಸಾವ್ತಾರ ಮನೆಯಲ್ಲಿ ಈಗ ಕಾಸು ಬೀಳುವುದು ಪ್ಲಾಸ್ಟಿಕ್ ಡಬ್ಬಿಗೆ. ಅದು ಬಡ ರೋಗಿಗಳಿಗೆ.

ಮಕ್ಕಳ ಕೈಖರ್ಚಿನಲ್ಲೂ ಹತ್ತರಲ್ಲೊಂದು ಡಬ್ಬಿಗೆ ಎಂಬುದು ಆ ಮನೆಯ ಪದ್ಧತಿ. ಗಳಿಕೆಯ ಹತ್ತನೇ ಒಂದು ಪಾಲು ಕೊಡುವುದು ಬಹಳ ಕಡೆ ನಡೆದುಬಂದದ್ದು; ಐದನೇ ಒಂದಕ್ಕಿಂತ ಹೆಚ್ಚು ಕೊಡಬೇಡ, ನಾಳೆ ನೀನೇ ಕೈಚಾಚಬೇಕಾದೀತು ಎಂದೂ ಹಿರಿಯ ರಬ್ಬಿಗಳು ಗೆರೆ ಎಳೆದಿದ್ದಾರೆ. ದಾನದ ಮೇಲೆ ಬದುಕುವ ಬಡವನೂ ತನಗೆ ಬಂದದ್ದರಲ್ಲಿ ಒಂದಿಷ್ಟು ಕೊಡಬೇಕು, ವಿನಾಯಿತಿಯಿಲ್ಲ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಕಟ್ಟಳೆ: ಊರಿನ ನಿಧಿಗೆ ವಸೂಲಿ ಮಾಡುವವರು ಮಕ್ಕಳಿಂದ ಚಿಕ್ಕ ಮೊತ್ತವನ್ನು ಮಾತ್ರ ತೆಗೆದುಕೊಳ್ಳಬೇಕು. ಹುಡುಗನೊಬ್ಬ ದೊಡ್ಡ ಮೊತ್ತ ತಂದರೆ ಅದು ಅವನದ್ದಲ್ಲ, ಯಾರದ್ದೋ. ಶಾಲೆಯಲ್ಲಿ ನೆರೆ ಪರಿಹಾರ ನಿಧಿಗೆ ಅಪ್ಪನ ಐನೂರರ ನೋಟು ತಂದವನಿಗೆ ಚಪ್ಪಾಳೆ ಹೊಡೆಸಿ, ಐದು ರೂಪಾಯಿ ತಂದವನನ್ನು ಸಾಲಿನ ಹಿಂದೆ ನಿಲ್ಲಿಸುವುದನ್ನು ನಾನು ಎಷ್ಟು ನೋಡಿಲ್ಲ!

ಭಾನುವಾರ ಅಲ್ಲಿ ಕೆಲಸದ ದಿನ. ಸಾವ್ತಾರಿಗೆ ಹೊಸ ಗಾಲಿಕುರ್ಚಿ ಬಂದಿತ್ತು, ಹಳೆಯದನ್ನು ಯಾದ್ ಸಾರಾಗೆ ಹಿಂದಿರುಗಿಸಬೇಕಿತ್ತು. ಇದು ಗಾಲಿಕುರ್ಚಿ, ಊರುಗೋಲು, ಹಾಸಿಗೆ, ಆಮ್ಲಜನಕದ ಸಲಕರಣೆ ಇಂಥವನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುವ ಸಂಸ್ಥೆ. ವಾಪಸು ಕೊಟ್ಟಾಗ ಠೇವಣಿ ವಾಪಸು. ಜೆರುಸಲೇಮಿನ ಯೂರಿ ಲುಪೊಲಿಯಾನ್ಸ್‌ಕಿ ಎಂಬುವರು ತಮ್ಮ ಮನೆಯಿಂದಲೇ ನೆರೆಯವರಿಗೆ ಹಬೆ ಹಿಡಿಯುವ ಯಂತ್ರ ಎರವಲು ಕೊಡುತ್ತ ಶುರು ಮಾಡಿ 1976ರಲ್ಲಿ ಸಂಸ್ಥೆಯಾಗಿಸಿದರು. ನಾಜಿಗಳ ಹತ್ಯಾಕಾಂಡದಲ್ಲಿ ತೀರಿಹೋದ ಅಜ್ಜಿ ಸಾರಾಳ ಹೆಸರಿಟ್ಟರು. ಮುಂದೆ ಅವರು ಜೆರುಸಲೇಮಿನ ಮೇಯರ್ ಕೂಡ ಆದರು. ಈಗ ದೇಶದಲ್ಲಿ ಅದರ ನೂರಕ್ಕೂ ಹೆಚ್ಚು ಶಾಖೆಗಳಿವೆ, ಬಹುಪಾಲು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಇಂಥ ಎರವಲು ಮನೆಗಳು ಸಣ್ಣ ಪ್ರಮಾಣದಲ್ಲಿ ಬೀದಿಬೀದಿಗೂ ಇವೆ, ಗೆಮಾಖ್ ಎನ್ನುತ್ತಾರೆ. ಮದುವೆಯ ಉಡುಪಿಗೊಂದು, ಮಡಚುವ ಕುರ್ಚಿಗೊಂದು, ಸಬ್ಬತ್ ರಾತ್ರಿ ಮಗುವಿನ ರಬ್ಬರ್ ನಿಪ್ಪಲ್ ಕಳೆದುಹೋದರೆ ಬಾಗಿಲು ತಟ್ಟಲೂ ಒಂದು.

ಹೊರಡುವ ಮೊದಲು ಹುಡುಗಿ ಆ ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿದ್ದ ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದಳು. ತಂಗಿ ಮಾಡಲು ಹೋದರೆ ಬಿಡಲಿಲ್ಲ. ಮುಂದಿನವರು ಕೂರುವುದು ಇದರಲ್ಲೇ ಅಲ್ಲವಾ ಎಂದಳು. ಪಡೆಯುವವರಿಗೂ ಹೊಣೆಯಿದೆ ಎಂಬುದು ಅವಳಿಗೆ ಪಾಠವಾಗಿ ಬಂದಿರಲಿಲ್ಲ, ಬ್ರಷ್ಷಿನೊಂದಿಗೆ ಬಂದಿತ್ತು.

ಸೋಮವಾರ ಪಶ್ಚಿಮ ಗೋಡೆಯ ಬಳಿ ಬಾರ್ ಮಿತ್ಸ್ವಾಗಳ ಸಾಲು, ಅಂದರೆ ಹುಡುಗರು ಧರ್ಮದ ಹೊಣೆ ಹೊರುವ ಸಮಾರಂಭ. ಸೋಮವಾರ, ಗುರುವಾರ ಧರ್ಮಗ್ರಂಥ ತೋರಾವನ್ನು ಓದುವ ದಿನಗಳಾದ್ದರಿಂದ ದೇಶದೆಲ್ಲೆಡೆಯಿಂದ 13 ತುಂಬಿದ ಹುಡುಗರನ್ನು ಡೋಲು ಬಾರಿಸಿ, ಕೊಂಬು ಊದಿಸಿಕೊಂಡು ಕರೆತರುತ್ತಾರೆ. ಹೆಣ್ಣುಮಕ್ಕಳಿಗೆ 12ಕ್ಕೇ ಈ ಹೊಣೆ ಬರುತ್ತದೆ. ತಾಯಂದಿರು ಬೇಲಿಯ ಆಚೆ ಕುರ್ಚಿ ಹತ್ತಿ ನಿಂತು ಚಾಕಲೇಟು ಎಸೆಯುತ್ತಿದ್ದರು. ಅಂದು ತಂದೆ ಹೇಳುವ ಒಂದು ಚಿಕ್ಕ ಪ್ರಾರ್ಥನೆ ಇದೆ. ಈ ಹುಡುಗ ಮಾಡುವ ತಪ್ಪಿನ ಹೊರೆ ಇನ್ನು ನನ್ನ ಮೇಲಿಲ್ಲ, ಬಿಡುಗಡೆ ಮಾಡಿದ ದೇವರಿಗೆ ಸ್ತುತಿ ಎಂಬ ಅರ್ಥದ್ದು. ಮೊದಲು ಕೇಳಿದಾಗ ಕಠೋರವೆನಿಸಿತು. ಆದರೆ 13ರವರೆಗೆ ಮಗನ ತಪ್ಪೆಲ್ಲ ತನ್ನ ಖಾತೆಯದ್ದೆಂದು ತಂದೆ ಒಪ್ಪಿಕೊಂಡಿದ್ದ ಎಂಬುದೂ ಅದರೊಳಗೇ ಇದೆ. ಮುಂದಿನ ಎರಡು ವರ್ಷ ಕಳೆದರೆ ಆ ಹುಡುಗನೇ 60 ಗಂಟೆಯ ತರಬೇತಿ ಮುಗಿಸಿ ಮಾಗೆನ್ ದಾವಿದ್ ಅದೋಮ್ ಎಂಬ ತುರ್ತು ಸೇವೆಯ ಆಂಬುಲೆನ್ಸಿನಲ್ಲಿ ಸ್ವಯಂಸೇವಕನಾಗಿ ಕೂರಬಹುದು. 15 ತುಂಬಿದವರಿಗೆ ಅಲ್ಲಿ ಅವಕಾಶವಿದೆ. ನಮ್ಮಲ್ಲಿ ಆ ವಯಸ್ಸಿನ ಹುಡುಗ ಒಬ್ಬನೇ ಬಸ್ಸು ಹತ್ತುತ್ತೇನೆಂದರೂ ಮನೆಯಲ್ಲಿ ಸಭೆ ಸೇರುತ್ತದೆ.

ಆ ವಾರವೇ ಹುಡುಗಿಯ ತರಗತಿ ರೆಹೋವೋತ್ ಕಡೆಯ ಹೊಲವೊಂದಕ್ಕೆ ತರಕಾರಿ ಕೀಳಲು ಹೊರಟಿತ್ತು. ದೊಡ್ಡವರೂ ಬರಬಹುದೆಂದು ತಿಳಿದು ನಾನೂ ಬಸ್ಸು ಹತ್ತಿದೆ. ಲೆಕೆತ್ ಇಸ್ರೇಲ್ ಎಂಬ ಸಂಸ್ಥೆಯ ಕೆಲಸ ಇದು. 2003ರಲ್ಲಿ ಜೋಸೆಫ್ ಗಿಟ್ಲರ್ ಎಂಬ ವಕೀಲರು ಕಲ್ಯಾಣಮಂಟಪಗಳಲ್ಲಿ ಉಳಿದ ಊಟವನ್ನು ರಾತ್ರಿ ತಮ್ಮ ಕಾರಿನಲ್ಲಿ ಸಂಗ್ರಹಿಸಿ ಹಂಚುವುದರಿಂದ ಆರಂಭವಾಗಿ, ಈಗ ಹೊಲಗಳಲ್ಲಿ ಉಳಿದ ಬೆಳೆಯನ್ನು ಕೀಳಿಸಿ ಬಡವರಿಗೆ ತಲುಪಿಸುವವರೆಗೆ ಬೆಳೆದಿದೆ.

ಹೊಲದ ಮಣ್ಣು ಕೆಂಪು ಮಿಶ್ರಿತ ಮರಳು, ಕೈಹಾಕಿದರೆ ಸಡಿಲವಾಗಿ ಬಿಟ್ಟುಕೊಡುತ್ತಿತ್ತು. ಸಾಲಿನುದ್ದಕ್ಕೂ ಬೀಟ್‌ರೂಟ್, ಅದರಾಚೆ ನವಿಲುಕೋಸು. ಸೊಪ್ಪಿನ ಬುಡ ಹಿಡಿದು ಎಳೆದು, ತಿರುಚಿ, ಮಣ್ಣು ಕೊಡವಿ ಕ್ರೇಟಿಗೆ ಹಾಕಬೇಕು. ಮಕ್ಕಳು ಮೊದಲು ದಪ್ಪನೆಯವನ್ನೇ ಹುಡುಕಿ ಯಾರದ್ದು ದೊಡ್ಡದೆಂದು ಎತ್ತಿ ತೋರಿಸಿದರು. ಮೇಲ್ವಿಚಾರಕಿ ಸಾಲಿನ ಮೊದಲಿಂದ ಶುರು ಮಾಡಿಸಿದರು; ಬಿಟ್ಟು ಬಿಟ್ಟು ಕೀಳುವುದು ಬೇಡ, ಚಿಕ್ಕದನ್ನೂ ಕೀಳಿ, ಕೊಳೆತದ್ದನ್ನು ಮಾತ್ರ ಬದಿಗಿಡಿ, ನೀವು ತಿನ್ನಲಾರದ್ದನ್ನು ಯಾರೂ ತಿನ್ನುವುದಿಲ್ಲ. ಅರ್ಧ ಗಂಟೆಯೊಳಗೆ ಎಲ್ಲರ ಬೆರಳೂ ಕಡುಗೆಂಪು. ಒಬ್ಬ ಹುಡುಗ ಇದು ಯಾರ ಮನೆಗೆ ಹೋಗುತ್ತದೆ ಎಂದು ಕೇಳಿದ. ಗೊತ್ತಾಗುವುದಿಲ್ಲ ಎಂದರು ಆಕೆ. ಹಾಗಾದರೆ ಅವರು ನಮಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಹೇಳುವುದಿಲ್ಲ ಎಂದರು ಆಕೆ, ಮತ್ತು ಅವನ ಕ್ರೇಟಿನಲ್ಲಿ ಇನ್ನೂ ಜಾಗವಿದೆಯೆಂದು ತೋರಿಸಿದರು.

ಹಕ್ಕಲಾಯುವ ಹಕ್ಕು ಆ ನೆಲದ ಹಳೆಯ ಕಾನೂನು. ಯಾಜಕಕಾಂಡ, ಧರ್ಮೋಪದೇಶಕಾಂಡಗಳಲ್ಲಿ ಬರುತ್ತದೆ: ಕೊಯ್ಲಿನಲ್ಲಿ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಕೈಯಿಂದ ಜಾರಿ ಬಿದ್ದ ತೆನೆಯನ್ನು ಬಗ್ಗಿ ಎತ್ತಬಾರದು, ಮರೆತುಬಂದ ಸಿವುಡಿಗಾಗಿ ಹಿಂದೆ ಹೋಗಬಾರದು. ಅವೆಲ್ಲ ಬಡವರದು, ಪರದೇಶಿಯದು, ವಿಧವೆಯದು, ತಬ್ಬಲಿಯದು. ಬೇತ್ಲೆಹೇಮಿನಲ್ಲಿ ಬೋವಜನ ಹೊಲದಲ್ಲಿ ಹಕ್ಕಲಾಯ್ದ ರೂತಳು ಈ ಕಾನೂನಿನಿಂದಲೇ ಅತ್ತೆಯನ್ನು ಸಾಕಿದ್ದು. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಗ್ರಂಥದ ಒಂದು ಇಡೀ ಭಾಗ ಈ ಹೊಲದ ಅಂಚಿನ ಲೆಕ್ಕಕ್ಕೇ ಮೀಸಲು. ಕಡಿಮೆಯೆಂದರೆ ಅರುವತ್ತರಲ್ಲೊಂದು ಪಾಲು ಬಿಡಬೇಕು. ಬಡವರು ದಿನಕ್ಕೆ ಮೂರು ಹೊತ್ತು ಹೊಲಕ್ಕೆ ಬರಬಹುದು. ಯಜಮಾನ ಕೊಯ್ದು ಹಂಚುವಂತಿಲ್ಲ, ಬೆಳೆ ನೆಲದಲ್ಲಿರುವಾಗಲೇ ಬಿಡಬೇಕು, ಅವರೇ ಕೊಯ್ದುಕೊಳ್ಳುತ್ತಾರೆ. ಅದಕ್ಕಿಂತ ಬಿಗಿಯಾದದ್ದು ಇನ್ನೊಂದಿದೆ. ಒಬ್ಬ ಬಡವನನ್ನು ಬಿಟ್ಟು ಇನ್ನೊಬ್ಬನನ್ನು ತಡೆದರೆ, ಅಥವಾ ಅವರಲ್ಲೊಬ್ಬನಿಗೆ ತಾನೇ ಕೈಜೋಡಿಸಿ ಆರಿಸಿಕೊಟ್ಟರೂ ಯಜಮಾನ ಬಡವರನ್ನು ದೋಚಿದಂತೆ.

ಇದನ್ನು ನಾನು ತಂಗಿಯ ಫೋನಿನಲ್ಲಿ ಮತ್ತೆ ಮತ್ತೆ ಓದಿದೆ. ಸಹಾಯ ಮಾಡಿದ್ದು ದರೋಡೆಯಾಗುವುದು ಹೇಗೆ? ಆ ಅಂಚು ಅವನದ್ದೇ ಅಲ್ಲ. ತನ್ನದಲ್ಲದ್ದನ್ನು ತನಗೆ ಬೇಕಾದವನಿಗೆ ಕೊಟ್ಟು ಉಪಕಾರದ ಹೆಸರು ಪಡೆಯಲು ಅವನು ಯಾರು? ಕೊಡುವವನಿಗೆ ಸಿಗುವ ಆ ಸಣ್ಣ ದೊಡ್ಡಸ್ತಿಕೆ ಇದೆಯಲ್ಲ, ಆರಿಸುವ ಸುಖ, ನಮಸ್ಕಾರ ಹಾಕಿಸಿಕೊಳ್ಳುವ ಸುಖ, ಅದನ್ನು ಎರಡು ಸಾವಿರ ವರ್ಷದ ಹಿಂದೆಯೇ ಈ ಜನ ಕಾನೂನಿನ ಕತ್ತಿಯಲ್ಲಿ ಕೊಯ್ದಿಟ್ಟಿದ್ದಾರೆ. ಬೀಟ್‌ರೂಟ್ ಕೀಳುತ್ತಿದ್ದ ಹುಡುಗನಿಗೆ ಥ್ಯಾಂಕ್ಸ್ ಸಿಗದ್ದು ಆಕಸ್ಮಿಕವಲ್ಲ.

ಮರೆತ ಸಿವುಡಿನದು ಮಾತ್ರ ಬೇರೆಯೇ ಸ್ವಾರಸ್ಯ. ಉಳಿದದ್ದನ್ನೆಲ್ಲ ಮನಸ್ಸು ಮಾಡಿ ಪಾಲಿಸಬಹುದು, ಇದನ್ನು ಪಾಲಿಸಬೇಕಾದರೆ ನಿಜವಾಗಿ ಮರೆಯಬೇಕು. ಬೇಕೆಂದು ಮರೆತರೆ ಅದು ಮರೆವಲ್ಲ. ತೋಸೆಫ್ತಾ ಎಂಬ ಹಳೆಯ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ದೈವಭಕ್ತ ರೈತನೊಬ್ಬ ಹೊಲದಲ್ಲಿ ಸಿವುಡು ಮರೆತುಬಂದ. ನೆನಪಾದಾಗ ಮಗನನ್ನು ಕರೆದು, ಹೋಗು, ದೇವಾಲಯಕ್ಕೆ ಎರಡು ಹೋರಿ ಅರ್ಪಿಸು ಎಂದ. ಇಷ್ಟೊಂದು ಸಂಭ್ರಮ ಯಾಕಪ್ಪಾ ಎಂದು ಮಗ ಕೇಳಿದ. ಬಾಕಿ ಆಜ್ಞೆಗಳನ್ನೆಲ್ಲ ತಿಳಿದು ಮಾಡುತ್ತೇವೆ, ಇದೊಂದು ತಿಳಿಯದೆ ಕೈಗೂಡಿತಲ್ಲ ಎಂದು ತಂದೆ ಹಿಗ್ಗಿದ. ಮಕ್ಕಳಿಗೆ ಕೊಡುವುದನ್ನು ಕಲಿಸುವ ಕಥೆ ನಾನು ತರಗತಿಯಲ್ಲಿ ಬಹಳ ಹೇಳಿದ್ದೇನೆ, ಎಲ್ಲದರಲ್ಲೂ ಕೊಟ್ಟವನು ಕೊನೆಗೆ ರಾಜನಾಗುತ್ತಾನೆ. ಇಲ್ಲಿ ಕಳೆದುಕೊಂಡವನೇ ಎರಡು ಹೋರಿಯನ್ನೂ ಕಳೆದುಕೊಂಡು ನಗುತ್ತಾನೆ.

ಗಲಿಲಾಯದ ಸರೋವರದ ದಂಡೆಯ ತಿಬೇರಿಯಾಸ್‌ಗೆ ಹೋಗಿದ್ದು ಮೈಮೊನಿಡೀಸನ ಸಮಾಧಿಗಾಗಿ. ಸ್ಪೇನಿನ ಕೊರ್ಡೋವಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬಾಳಿ 1204ರಲ್ಲಿ ತೀರಿಕೊಂಡ ಅವನನ್ನು ಇಲ್ಲಿ ತಂದು ಹೂಳಿದರೆಂದು ನಂಬಿಕೆ. ದಾರಿಯ ಎರಡೂ ಬದಿಗೆ ಏಳೇಳು ಕಂಬಗಳು, ಅವನ ಧರ್ಮಶಾಸ್ತ್ರದ 14 ಸಂಪುಟಗಳ ಲೆಕ್ಕಕ್ಕೆ. ಸಮಾಧಿಯ ಮೇಲೆ ಕೆಂಪು ಉಕ್ಕಿನ ದೊಡ್ಡ ಚೌಕಟ್ಟು. ಆ ಶಾಸ್ತ್ರದಲ್ಲಿ ಅವನು ದಾನಕ್ಕೆ ಎಂಟು ಮೆಟ್ಟಿಲು ಹಾಕಿದ. ಮುಖ ಗಂಟಿಕ್ಕಿ ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವರು ಯಾರೆಂದು ಪಡೆದವರಿಗೂ ಪಡೆದವರು ಯಾರೆಂದು ಕೊಟ್ಟವರಿಗೂ ತಿಳಿಯದ್ದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು ಸಾಲ ಕೊಟ್ಟು, ಪಾಲುದಾರನನ್ನಾಗಿಸಿ, ಕೆಲಸ ಕೊಡಿಸಿ ಮತ್ತೊಮ್ಮೆ ಬೇಡದ ಹಾಗೆ ಮಾಡುವುದು. ಯಹೂದಿ ಶಾಲೆಗಳಲ್ಲಿ ಇದನ್ನು ಏಣಿಯ ಚಿತ್ರ ಬರೆದು ಕಲಿಸುತ್ತಾರೆ. ಹೆಸರು ಹೇಳದೆ ಕೊಡು ಎಂದವನ ನಾಡಿನಲ್ಲಿ ಈಗ ದಾನಿಗಳ ಹೆಸರಿಲ್ಲದ ಬೆಂಚು ಕಾಣುವುದು ಅಪರೂಪ. ಆಸ್ಪತ್ರೆಯ ಗೋಡೆ, ಆಂಬುಲೆನ್ಸಿನ ಬಾಗಿಲು, ಉದ್ಯಾನದ ನಲ್ಲಿ ಎಲ್ಲದರ ಮೇಲೂ ಹೆಸರು. ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸುವ ಊರಿನಿಂದ ಬಂದವಳು ನಾನು, ಹೆಚ್ಚು ಮಾತಾಡುವ ಹಾಗಿಲ್ಲ.

ಇನ್ನು ಬೇರೆಯವರೆಂದರೆ ಯಾರು ಎಂಬ ಪ್ರಶ್ನೆ. ಯಹೂದಿಗಳಲ್ಲದ ಬಡವರನ್ನೂ ಯಹೂದಿ ಬಡವರ ಜೊತೆಗೇ ಪೊರೆಯಬೇಕು, ಅದು ನೆಮ್ಮದಿಯ ದಾರಿ ಎಂದು ತಾಲ್ಮುದ್ ಎಂಬ ಧರ್ಮಗ್ರಂಥ ಹೇಳುತ್ತದೆ. ಆದರೆ ನಾನು ಕಂಡ ಲಕೋಟೆಗಳು, ತಟ್ಟೆಗಳು ಹೆಚ್ಚಿನಂಶ ತಮ್ಮವರೊಳಗೇ ತಿರುಗುತ್ತಿದ್ದವು. ನಗರದ ಪೂರ್ವಭಾಗದ ಅರಬ್ ಬೀದಿಗಳು ಕಿರ್ಯತ್ ಮೋಶೆಯಿಂದ ಬಹಳ ದೂರವೇನಿಲ್ಲ. ಹುಡುಗಿಯ ಪಟ್ಟಿಯಲ್ಲಿ ಅಲ್ಲಿಯ ಮನೆಯಿರಲಿಲ್ಲ. ಪಟ್ಟಿಯಲ್ಲಿ ತಂಗಿಯ ಹೆಸರಿತ್ತು. ಸಾವ್ತಾರಿಗೆ ಬೇರೆ, ಇವಳಿಗೇ ಬೇರೆ ಒಂದು ತಟ್ಟೆ. ತಂಗಿ ಅದರ ಫೋಟೊ ತೆಗೆದು ಕುಂದಾಪುರದಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿರುವ ತನ್ನ ಮಗನಿಗೆ ಕಳಿಸಿದಳು.

ಊರಿಗೆ ಹೊರಡುವ ಮುನ್ನ ಅವಳು ಹಳೆಯ ಕಥೆಯೊಂದನ್ನು ಹೇಳಿದಳು. ಇಲ್ಲಿಗೆ ಬರುವ ಮೊದಲು ಇನ್ನೊಂದು ಊರಿನ ಒಂದು ಮನೆಯಲ್ಲಿದ್ದಳು. "ಅಲ್ಲಿಯೂ ಡಬ್ಬಿ ಇತ್ತು ಅಕ್ಕಾ. ವಾರ ವಾರ ಮಕ್ಕಳು ಕಾಸು ಹಾಕ್ತಿದ್ದರು. ನನ್ನ ಎರಡು ತಿಂಗಳ ಸಂಬಳ ಮಾತ್ರ ಬಾಕಿ. ಕೇಳಿದರೆ ನಾಳೆ, ನಾಡಿದ್ದು. ಆ ಮಕ್ಕಳಿಗೆ ಎಲ್ಲ ಗೊತ್ತಿತ್ತು, ಮಕ್ಕಳಿಗೆ ಎಂತದು ಗೊತ್ತಾಗುದಿಲ್ಲ ಹೇಳು!" ಮರೆತ ಸಿವುಡಿನ ಆಜ್ಞೆ ಇರುವುದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ, ಅದಕ್ಕಿಂತ ನಾಲ್ಕು ವಚನ ಮೊದಲು ಇನ್ನೊಂದು ಆಜ್ಞೆಯಿದೆ: ಕೂಲಿಯವನು ನಿನ್ನವನಾಗಲಿ ಪರದೇಶಿಯಾಗಲಿ, ಅವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕು. ಸಾವ್ತಾರ ಮಗಳು ಅದನ್ನು ತಪ್ಪದೆ ಪಾಲಿಸುತ್ತಾರೆ. ತಾರೀಕು ಸಬ್ಬತ್ ದಿನ ಬಿದ್ದರೆ ಹಿಂದಿನ ದಿನವೇ ಸಂಬಳ ಕೈಸೇರುತ್ತದೆ.

ಮಕ್ಕಳಿಗೆ ಕೊಡುವುದನ್ನು ಕಲಿಸಲು ಡಬ್ಬಿ ತರಬೇಕೆಂದಿರುವವರು ಖಂಡಿತ ತನ್ನಿ. ಆದರೆ ಅದಕ್ಕೆ ಮೊದಲು, ಪಾತ್ರೆ ತೊಳೆಯುವವರ, ಮಗು ನೋಡಿಕೊಳ್ಳುವವರ, ತೋಟದ ಕೆಲಸದವರ ಸಂಬಳವನ್ನು ಒಂದನೇ ತಾರೀಕು, ಕತ್ತಲಾಗುವ ಮುಂಚೆ, ಮಕ್ಕಳು ಮನೆಯಲ್ಲಿರುವಾಗಲೇ ಕೊಟ್ಟುಬಿಡಿ.